ನೊಗ ಇಳಿಸದ ಮಧ್ಯಾಹ್ನ

ಸಾಫ್ಟ್‌ವೇರು ಎಷ್ಟು ಭಾರ ತಾಳುತ್ತದೆ ಎಂಬ ಪರೀಕ್ಷೆಯನ್ನು ಯಾವಾಗ ಮಾಡಬೇಕೆಂದು ಹೊಸಬರು ಕೇಳಿದಾಗಲೆಲ್ಲ ನನಗೆ ಬಿಸಿಲಿಗೆ ಬಾಡಿದ ಕಬ್ಬಿನ ವಾಸನೆ ಬರುತ್ತದೆ. ಉತ್ತರ ಕೊಡುವ ಮೊದಲು ಎದ್ದು ಕಿಟಕಿಯ ಹೊರಗೆ ನೋಡುತ್ತೇನೆ. ಅಲ್ಲಿ ಏನೂ ಇರುವುದಿಲ್ಲ.

ಎರಡು ಸಾವಿರದ ಇಸವಿಯ ಆಚೀಚೆ ನಾನು ಬೈಲಹೊಂಗಲದಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದೆ. ನಮ್ಮ ಸೀಮೆಯ ಒಂದು ಸಕ್ಕರೆ ಕಾರ್ಖಾನೆಯವರು ಕರೆದು ಒಂದು ಪ್ರೋಗ್ರಾಮ್ ಬರೆಯುವ ಕೆಲಸ ಕೊಟ್ಟರು. ಕಬ್ಬಿನ ಗಾಡಿ ಕಾಟಾದ, ಎಂದರೆ ತೂಕದ ಕಟ್ಟೆಯ, ಮೇಲೆ ನಿಂತೊಡನೆ ತೂಕ ಕಂಪ್ಯೂಟರಿಗೆ ಬಂದು ಚೀಟಿ ಅಚ್ಚಾಗಬೇಕು. ಚೀಟಿ ಬಾರದೆ ಗಾಡಿ ಮುಂದೆ ಹೋಗುವಂತಿಲ್ಲ. ನನ್ನ ಮನೆಯ ಕಂಪ್ಯೂಟರಿನಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಚೀಟಿ ಬರುತ್ತಿತ್ತು. ಆದರೆ ಕಾರ್ಖಾನೆಯಲ್ಲಿದ್ದ ಮೂರೂ ಕಾಟಾಗಳಿಂದ ಒಮ್ಮೆಗೇ ತೂಕ ಬಂದರೆ? ಕಬ್ಬು ಅರೆಯುವ ಹಂಗಾಮು ಸುರುವಾಗುವ ಮೊದಲೇ, ತಪ್ಪಿದ್ದರೆ ತಿದ್ದಲು ವೇಳೆ ಇರುವಾಗಲೇ, ಕಾರ್ಖಾನೆಯ ಕಂಪ್ಯೂಟರುಗಳಲ್ಲೇ ಅದನ್ನು ನೋಡಬೇಕಿತ್ತು. ಮ್ಯಾನೇಜರರ ಮುಂದೆ ಹೋಗಿ ನಿಂತೆ.

ಕಂಪ್ಯೂಟರುಗಳು ಬಟ್ಟೆ ಹೊದ್ದು ಕೂತಿದ್ದವು. ಹಂಗಾಮು ಸುರುವಾಗುವ ಬಾಯ್ಲರ್ ಪೂಜೆಯ ದಿನವೇ ಅವಕ್ಕೂ ಪೂಜೆ, ಅಲ್ಲಿಯತನಕ ಯಾರೂ ಮುಟ್ಟುವಂತಿಲ್ಲ.

“ದೇವರಿಗೆ ಎಡಿ ಹಿಡಿಯೂದ್ರೊಳಗ ಯಾರರೆ ರುಚಿ ನೋಡತಾರೇನವಾ?” ಎಂದರು ಮ್ಯಾನೇಜರು.

“ಇದು ಎಡಿ ಅಲ್ರಿ ಸರ್. ಎಲ್ಲಾ ಗಾಡಿ ಒಮ್ಮೆಲೆ ಬಂದ್ರ ಏನ್ ಮಾಡೂನ್ರಿ?”

“ನಿಮ್ಮ ಮನ್ಯಾಗ ಚೀಟಿ ಬಂತಿಲ್ಲೋ? ಒಂದ ಅಗಳ ಹಿಚುಕಿದ್ರ ಗಡಗಿ ಅನ್ನ ತಿಳಿತೈತಿ.”

ನನಗೆ ಮೈ ಉರಿಯಿತು. ಅನ್ನ ಬೆಂದದ್ದು ಒಂದು ಅಗಳಿನಿಂದ ತಿಳಿಯುತ್ತದೆ, ಪಂಕ್ತಿಗೆಲ್ಲ ಸಾಲುತ್ತದೆಯೇ ಎನ್ನುವುದು ತಿಳಿಯುವುದಿಲ್ಲ. ಚೇರಮನ್ನರ ತನಕ ಹೋದೆ. ಅವರು ಪಂಚಾಂಗ ತೋರಿಸಿ ಚಹಾ ಕುಡಿಸಿ ಕಳಿಸಿದರು.

ಮುಹೂರ್ತದ ದಿನ ಕಂಪ್ಯೂಟರುಗಳಿಗೆ ವಿಭೂತಿ ಹಚ್ಚಿ, ಕಾಯಿ ಒಡೆದರು. ಸಿಂಗರಿಸಿದ ಮೊದಲ ಗಾಡಿಯ ಚೀಟಿ ಪಟಕ್ಕನೆ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಮೂರೂ ಕಾಟಾ ಸುರುವಾದವು. ಚೀಟಿ ತಡವಾಯಿತು, ಮತ್ತಷ್ಟು ತಡವಾಯಿತು, ಮಧ್ಯಾಹ್ನದ ಹೊತ್ತಿಗೆ ಪರದೆ ಕಲ್ಲಾಗಿ ಕೂತಿತು. ಕಾಟಾದವರು ಮಾತ್ರ ತೂಕವನ್ನು ಮತ್ತೆ ಮತ್ತೆ ಕಳಿಸುತ್ತಲೇ ಇದ್ದರು. ಗಾಡಿಗಳ ಸಾಲು ರಸ್ತೆಗೆ ಹೋಗಿತ್ತು.

ತಡವಾದರೆ ಗಾಡಿಯವರು ನೊಗ ಇಳಿಸಿ ಎತ್ತುಗಳನ್ನು ಬಿಡುತ್ತಾರೆ. ಕೊಳ್ಳ ಹರಿಯುವುದು ಎನ್ನುತ್ತಾರೆ ನಮ್ಮ ಕಡೆ. ಅಂದು ಮ್ಯಾನೇಜರು ಮೈಕು ಹಿಡಿದಿದ್ದರು. “ಈಗ ಸುರು ಆಗತೈತಿ. ಯಾರೂ ಕೊಳ್ಳ ಹರೀಬ್ಯಾಡ್ರಿ. ಹರದವರ ಪಾಳಿ ಹೋಗತೈತಿ.”

ನಾನು ಕೂತಿದ್ದ ಕಂಪ್ಯೂಟರ್ ಕೋಣೆಯ ಕಿಟಕಿಯ ಕೆಳಗೆ ಸುರೇಬಾನದ ಕಡೆಯ ಒಬ್ಬ ಅಜ್ಜನ ಗಾಡಿ ನಿಂತಿತ್ತು. ಹೇರಿನ ಭಾರವೆಲ್ಲ ಎತ್ತುಗಳ ಕೊರಳ ಮೇಲೆ. ಬಲಗಡೆಯ ಎತ್ತಿನ ಬಾಯಲ್ಲಿ ನೊರೆ ಬರುತ್ತಿತ್ತು.

“ಹರೀಲೇನ್ರಿ ಅಕ್ಕಾರ?” ಅಜ್ಜ ಕೇಳಿದ.

“ಹರೀರಿ ಯಜ್ಜಾ. ಇದು ಈಗ ಆಗೂ ಕೆಲಸಲ್ಲ.”

ಅವನು ಹಗ್ಗಕ್ಕೆ ಕೈ ಹಾಕಿದ. ಅಷ್ಟರಲ್ಲಿ ಮೈಕು ಮತ್ತೆ ಅದನ್ನೇ ಕೂಗಿತು. ಅಜ್ಜ ನನ್ನನ್ನೊಮ್ಮೆ, ಮೈಕನ್ನೊಮ್ಮೆ ನೋಡಿ ಕೈ ಹಿಂದಕ್ಕೆ ತೆಗೆದ.

ಸ್ವಲ್ಪ ಹೊತ್ತಿಗೆ ಬಲಗಡೆಯ ಎತ್ತು ಮೊಣಕಾಲೂರಿತು, ನೊಗದಲ್ಲಿ ಕೊರಳು ಸಿಕ್ಕಿರುವಂತೆಯೇ ಹೊರಳಿ ಬಿತ್ತು. ಕಾಟಾದವರೆಲ್ಲ ಕೆಲಸ ಬಿಟ್ಟು ಓಡಿ ಬಂದರು. ಹಗ್ಗ ಕೊಯ್ದು ನೊಗ ಎತ್ತಿದಾಗ ಎತ್ತಿನ ಉಸಿರು ನಿಂತಿತ್ತು.

ಆಗ ನನ್ನ ಬೆನ್ನ ಹಿಂದೆ ಪ್ರಿಂಟರ್ ಕಿರುಗುಟ್ಟಿತು. ಮೂರೂ ಕಾಟಾ ನಿಂತು ಭಾರ ಇಳಿದಿತ್ತಲ್ಲ, ಪ್ರೋಗ್ರಾಮಿಗೆ ಜೀವ ಬಂದಿತ್ತು. ಚೀಟಿಗಳು ಒಂದರ ಹಿಂದೆ ಒಂದು ಬೀಳತೊಡಗಿದವು. ದೂರದಲ್ಲಿದ್ದ ಮ್ಯಾನೇಜರಿಗೆ ಎತ್ತು ಬಿದ್ದದ್ದು ಗೊತ್ತಿರಲಿಲ್ಲ, ಚೀಟಿ ಬರುವ ಸುದ್ದಿಯಷ್ಟೇ ಮುಟ್ಟಿತ್ತು. “ಸುರು ಆತು, ಗಾಡಿ ಮುಂದ ತರ್ರಿ,” ಎಂದು ಮೈಕು ಕೂಗಿತು.

ಅಜ್ಜ ಉಳಿದ ಎತ್ತಿನ ಬೆನ್ನ ಮೇಲೆ ಕೈಯಿಟ್ಟು ನಿಂತಿದ್ದ. “ಈಗ ಹರೀಲೇನ್ರಿ?” ಎಂದ.

ಅಂದಿನಿಂದ ನಾನು ಆ ಪರೀಕ್ಷೆಯನ್ನು ಯಾರ ಅಪ್ಪಣೆಗೂ ಕಾಯದೆ ಮೊದಲೇ ಮಾಡುತ್ತೇನೆ, ಬೈಸಿಕೊಂಡಾದರೂ. ಎಲ್ಲ ಸರಿ ಬಂದ ದಿನವೂ ಕಿಟಕಿಯ ಕೆಳಗಿಂದ ಅದೇ ಪ್ರಶ್ನೆ ಕೇಳಿಸುತ್ತದೆ. ಹರೀರಿ ಯಜ್ಜಾ, ಎನ್ನುತ್ತೇನೆ. ಅವನು ಮೈಕಿನ ಕಡೆಗೇ ನೋಡುತ್ತಾನೆ.