ಒಂದೇ ಮನೆಯ ರಕ್ತ

ಕೊಟ್ಟೂರಿನಲ್ಲಿ ಮಂಡಕ್ಕಿ-ಮಿರ್ಚಿ ಅಂಗಡಿ ಇಟ್ಟಿರುವ ನಾಗಲಿಂಗಮ್ಮನ ಎದುರು ಮಾತಾಡಿ ಗೆದ್ದವರನ್ನು ನಾನಂತೂ ಕಂಡಿಲ್ಲ. ಪಕ್ಕದ ಮನೆಯವಳಾದ ನಾನೇ ಸಾಕಷ್ಟು ಸಲ ಸೋತಿದ್ದೇನೆ. ತೀರಿಹೋದ ಮಗ ಗವಿಸಿದ್ದೇಶನ ಸುದ್ದಿ ಬಂದರೆ ಮಾತ್ರ ಅವಳು ತಲೆ ತಗ್ಗಿಸುತ್ತಿದ್ದಳು.

ಅವನಿಗೆ ಐದು ವರ್ಷವಿದ್ದಾಗ ಮೈಮೇಲೆ ಅಮ್ಮ ಎದ್ದಿತು, ಅದೇ ಸೀತಾಳೆ ಸಿಡುಬು. ಅಮ್ಮ ಬಂದ ಮನೆಯಲ್ಲಿ ಎಣ್ಣೆ ಬಾಣಲೆ ಒಲೆಗೇರುವಂತಿಲ್ಲ, ಒಗ್ಗರಣೆಯ ಘಾಟು ಏಳುವಂತಿಲ್ಲ. ಮೊದಲ ದಿನ ಗುಳ್ಳೆ ಕಣ್ಣಿಗೆ ಬೀಳದೆ ಇವಳು ಎಂದಿನಂತೆ ಮಿರ್ಚಿ ಕರಿದಿದ್ದಳು. ಅಮ್ಮ ಎದ್ದಿದ್ದ ಓಣಿಯ ಉಳಿದ ಮಕ್ಕಳೆಲ್ಲ ಬೇಗನೆ ಚೇತರಿಸಿಕೊಂಡು ಆಡತೊಡಗಿದರು. ಇವನು ಉಳಿಯಲಿಲ್ಲ.

"ಬಾಣಲಿ ಇಟ್ಟು ಅಮ್ಮನ್ನ ಕೆರಳಿಸಿದಿ" ಎಂದಳು ಅತ್ತೆ ಅನ್ನದಾನಮ್ಮ. ಅತ್ತೆ ಎಂದರೆ ಹೊರಗಿನವಳಲ್ಲ, ಹೆತ್ತವ್ವನ ಅವ್ವ. ನಾಗಲಿಂಗಮ್ಮನನ್ನು ಸೋದರಮಾವ ಮರುಳಪ್ಪನಿಗೇ ಕೊಟ್ಟಿದ್ದರು. ಅಜ್ಜಿಯ ಮಾತನ್ನು ಅವಳೂ ನಂಬಿಬಿಟ್ಟಳು. ನನಗೆ ಈಗಲೂ ಸಿಟ್ಟು ಬರುತ್ತದೆ.

ಆಮೇಲೆ ಹುಟ್ಟಿ, ಮದುವೆಯ ವಯಸ್ಸಿಗೆ ಬಂದಿದ್ದ ಮಗಳು ಅರ್ಚನಾಗೆ ಹೋದ ವರ್ಷ ಅದೇ ಗುಳ್ಳೆ ಎದ್ದಿತು. ಈ ಸಲ ಅಂಗಡಿಗೆ ಬೀಗ ಬಿತ್ತು, ಬಾಗಿಲಿಗೆ ಬೇವು ಬಂತು, ಮನೆಮಂದಿಗೆಲ್ಲ ಸಪ್ಪೆ ಊಟ. ಆದರೂ ಹುಡುಗಿಗೆ ಏದುಸಿರು ಹತ್ತಿತು.

"ಈ ಸಲ ನಾನೇನು ತಪ್ಪು ಮಾಡೀನಿ ಹೇಳ್ರಿ" ಎಂದು ಕೇಳಿದ ನಾಗಲಿಂಗಮ್ಮ ಉತ್ತರಕ್ಕೆ ಕಾಯಲಿಲ್ಲ. ಬಾಡಿಗೆ ಕಾರು ತರಿಸಿ ಮಗಳನ್ನು ದಾವಣಗೆರೆಗೆ ಕರೆದೊಯ್ದಳು.

ಹುಡುಗಿ ಬದುಕಿದಳು. ರಕ್ತ ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಡಾಕ್ಟರು ಬಿಡಿಸಿ ಹೇಳಿದರು. ವೈರಸ್ ಒಳಹೊಕ್ಕ ಕೂಡಲೇ ಮೈಯನ್ನು ಎಚ್ಚರಿಸುವ ಜೀನ್ ಒಂದಿದೆ. ಅದರ ಒಂದು ಪ್ರತಿ ತಾಯಿಯಿಂದ ಬರುತ್ತದೆ, ಇನ್ನೊಂದು ತಂದೆಯಿಂದ. ಒಂದು ಕೆಟ್ಟಿದ್ದರೂ ಇನ್ನೊಂದು ಹೇಗೋ ನಡೆಸಿಕೊಂಡು ಹೋಗುತ್ತದೆ. ಅರ್ಚನಾಗೆ ಎರಡೂ ಕೆಟ್ಟವೇ ಬಂದಿದ್ದವು, ಎರಡೂ ಒಂದೇ ಮನೆಯವು. ಮಗನಿಗೂ ಬಹುಶಃ ಹೀಗೇ ಆಗಿರಬೇಕು ಎಂದರು.

ಈ ಬೇಸಿಗೆಯಲ್ಲಿ ನಾಗಲಿಂಗಮ್ಮನ ಅಣ್ಣ ಕೊಟ್ರಸ್ವಾಮಿ ತನ್ನ ಮಗನಿಗೆ ಅರ್ಚನಾಳನ್ನು ಕೇಳಲು ಬಂದ. ಅನ್ನದಾನಮ್ಮ ಗೋಡೆಗೊರಗಿ ಕೂತಿದ್ದಳು. ನಾನು ಚಹಾ ಕುಡಿಯುವ ನೆಪದಲ್ಲಿ ಅಲ್ಲೇ ಇದ್ದೆ.

"ಇಲ್ಲಣ್ಣ, ಕೊಡಾಂಗಿಲ್ಲ" ಎಂದಳು ನಾಗಲಿಂಗಮ್ಮ.

"ಯಾಕವ್ವ, ನಮ್ಮ ರಕ್ತ ಬ್ಯಾಡಾತೇನು?"

"ನಮ್ಮ ರಕ್ತ ಅಂತನ ಬ್ಯಾಡ. ಆ ಕೆಟ್ಟ ಜೀನು ನಿನ್ನ ಮಗನ ಮೈಯಾಗೂ ಇರಬೌದು. ನಾನು ಒಬ್ಬನ್ನ ಮಣ್ಣು ಮಾಡೀನಿ. ನನ್ನ ಮಗಳಿಗೆ ಆ ಗತಿ ಬರಬಾರ್ದು."

ಕೊಟ್ರಸ್ವಾಮಿ ಹುಬ್ಬು ಗಂಟಿಕ್ಕಿ ಅಜ್ಜಿಯ ಕಡೆ ನೋಡಿದ. ಈಗ ಮುದುಕಿ ಬೈಯುತ್ತಾಳೆಂದು ನಾನೂ ಲೋಟ ಕೆಳಗಿಟ್ಟೆ.

"ಹೊರಗ ಹೆಣ್ಣು ನೋಡ್ಕೊಳ್ಳೋ" ಎಂದಳು ಅನ್ನದಾನಮ್ಮ. "ಇವಳನ್ನ ಹಟ ಹಿಡಿದು ನನ್ನ ಮಗನಿಗೆ ತಂದುಕೊಂಡಾಕಿ ನಾನು. ತಪ್ಪು ಇವಳ ಮ್ಯಾಲೆ ಹೊರಿಸಿದಾಕೀನೂ ನಾನ."

ನಾಗಲಿಂಗಮ್ಮ ಅಷ್ಟು ವರ್ಷಗಳಲ್ಲಿ ಮೊದಲ ಸಲ, ನಮ್ಮೆಲ್ಲರ ಎದುರೇ, ಮಗನ ಹೆಸರು ಹಿಡಿದು ಅತ್ತಳು.