ಬಣ್ಣ ಬಿಟ್ಟ ಟವೆಲ್ಲು

ನನ್ನ ಮೈದುನ ನಶೆಯ ಸೂಜಿ ಚುಚ್ಚಿಕೊಳ್ಳುವ ಚಟ ಬಿಟ್ಟು ವರ್ಷದ ಮೇಲಾಗಿತ್ತು. ಚಟದ ಸೆಳೆತ ತಡೆಯಲು ಬೆಂಗಳೂರಿನ ಆಸ್ಪತ್ರೆಯವರು ಕೊಟ್ಟ ಸಣ್ಣ ಬಿಳಿ ಮಾತ್ರೆಯನ್ನು ಬೆಳಿಗ್ಗೆ ನಾಲಿಗೆಯ ಅಡಿಗೆ ಇಟ್ಟುಕೊಂಡು, ಕರಗುವವರೆಗೆ ತುಟಿ ಬಿಗಿದು ಕೂರುತ್ತಿದ್ದ. ನಾನು ಕಾಫಿ ಹಿಡಿದು ಕಾಯುತ್ತಿದ್ದೆ. ಅದು ಕರಗಿದರೆ ಕೈ ನಡುಗುತ್ತಿರಲಿಲ್ಲ, ನೆಟ್ಟಗೆ ಮಗ್ಗಕ್ಕೆ ಹೋಗುತ್ತಿದ್ದ. ಆದರೆ ಹಳೆಯ ಸೂಜಿಗಳಿಂದ ಎಚ್‌ಐವಿ ಅಂಟಿತ್ತು. ಅದರ ಬೆನ್ನಿಗೇ ಟಿ.ಬಿ. ಬಂತು.

ಟಿ.ಬಿ.ಗೆ ನಮ್ಮೂರು ದೊಡ್ಡಬಳ್ಳಾಪುರದ ಆಸ್ಪತ್ರೆಯಲ್ಲೇ ಔಷಧಿ ಸಿಕ್ಕಿತು. ಅಲ್ಲಿಗೆ ಕಳಿಸುವಾಗಲೇ ನಮ್ಮ ಯಜಮಾನರು ತಮ್ಮನಿಗೆ ಹೇಳಿದರು: “ಇಲ್ಲಿ ಆ ನಾಲಿಗೆ ಮಾತ್ರೆ ಸುದ್ದಿ ಎತ್ಬೇಡ. ಬೀದಿಗೆಲ್ಲ ಗೊತ್ತಾದ್ರೆ ನಮ್ಮ ಸೀರೆ ಯಾರೂ ಮುಟ್ಟಲ್ಲ. ಬೆಂಗಳೂರಲ್ಲಿ ಟಿ.ಬಿ. ಅನ್ಬೇಡ, ಇರೋ ಮಾತ್ರೇನೂ ನಿಲ್ಲಿಸ್ಬಿಟ್ಟಾರು.”

ಟಿ.ಬಿ.ಯ ಕೆಂಪು ಕ್ಯಾಪ್ಸೂಲು ಶುರುವಾದ ಸ್ವಲ್ಪ ದಿನಕ್ಕೆ ಅವನ ಟವೆಲ್ಲು, ಬನಿಯನ್ನು, ದಿಂಬು ಎಲ್ಲ ಕಿತ್ತಳೆ ಬಣ್ಣಕ್ಕೆ ತಿರುಗಿದವು. ಆಗ ಮಗ್ಗದ ಮೇಲಿದ್ದದ್ದೂ ಕಿತ್ತಳೆ ಸೀರೆಯೇ. ನೇಯುವ ಮನೆಯಲ್ಲಿ ಬಟ್ಟೆಗೆ ಕಲೆಯಾದರೆ ಯಾರೂ ಮೈ ನೋಡುವುದಿಲ್ಲ, ನೂಲು ನೋಡುತ್ತಾರೆ. ಯಜಮಾನರು ನೂಲಿಗೆ ಬಣ್ಣ ಹಾಕುವವನ ಮನೆಗೇ ಹೋಗಿ ಜಗಳ ತೆಗೆದರು.

“ಏನಯ್ಯಾ, ಒಂದು ಬೆವರಿಗೇ ಓಡೋಗುತ್ತಲ್ಲ ನಿನ್ನ ಬಣ್ಣ!”

“ಕುದಿಸಿ ನೋಡ್ಕಳಿ ಸ್ವಾಮಿ. ನನ್ನ ಬಣ್ಣ ಬಿಡಲ್ಲ.”

ಅಷ್ಟರಲ್ಲಿ ಮೈದುನನಿಗೆ ಬಿಡದೆ ಆಕಳಿಕೆ. ಕಣ್ಣು, ಮೂಗು ಸೋರುವುದು, ಕಾಲು ಸೆಳೆತ, ಬಿಸಿಲಲ್ಲೂ ಮೈ ಜುಮ್ಮೆಂದು ರೋಮ ನಿಲ್ಲುವುದು. ಸೂಜಿ ಬಿಟ್ಟ ಹೊಸತರಲ್ಲಿ ಪಟ್ಟ ಪಾಡೇ.

“ಲೇ, ಮತ್ತೆ ಶುರು ಹಚ್ಕೊಂಡ್ಯಾ?”

“ಇಲ್ಲ ಅಣ್ಣ, ಅಮ್ಮನಾಣೆ. ಆ ಕೆಂಪು ಮಾತ್ರೆ ಬಂದ್ಮೇಲೆ ನಾಲಿಗೆ ಮಾತ್ರೆ ಹಿಡೀತಾನೇ ಇಲ್ಲ.”

“ಕಥೆ ಕಟ್ಬೇಡ. ನಿನ್ನ ಕಥೆ ಬೇಕಾದಷ್ಟು ಕೇಳಿದೀನಿ.”

ಯಜಮಾನರು ಅವನನ್ನು ನೂಲಿನ ಕೋಣೆಗೆ ದಬ್ಬಿ ಬೀಗ ಹಾಕಿದರು. ನಾನು ಕಿಟಕಿಯಲ್ಲಿ ಗಂಜಿ, ಎರಡೂ ಮಾತ್ರೆ ಕೊಡುತ್ತಿದ್ದೆ. ಗಂಜಿ ಹಾಗೇ ವಾಂತಿಯಾಗುತ್ತಿತ್ತು. “ಅತ್ತಿಗೆ, ನೀವಾದ್ರೂ ನಂಬಿ” ಎನ್ನುತ್ತಿದ್ದ. ಅವನು ಕೂರಲೂ ಆಗದಂತಾದ ಮೇಲೆ ಬಸ್ಸಿನಲ್ಲಿ ಮಲಗಿಸಿಕೊಂಡು ಬೆಂಗಳೂರಿನ ಆ ಆಸ್ಪತ್ರೆಗೆ ಹೋದೆವು.

ಅವನು ಕಣ್ಣೊರೆಸಿಕೊಂಡ ಟವೆಲ್ಲನ್ನು ಅಲ್ಲಿನ ಡಾಕ್ಟರಮ್ಮ ಕೈಗೆ ತೆಗೆದುಕೊಂಡರು. “ಟಿ.ಬಿ. ಮಾತ್ರೆ ತಗೋತಿದಾರಾ? ಕಣ್ಣೀರು, ಬೆವರು ಎಲ್ಲಾ ಈ ಬಣ್ಣ ಬರುತ್ತೆ. ಆ ಮಾತ್ರೆ ನಮ್ಮ ನಾಲಿಗೆ ಮಾತ್ರೆಯ ಶಕ್ತೀನ ಮೈಯೊಳಗೇ ಬೇಗ ಇಳಿಸಿಬಿಡುತ್ತೆ. ಯಾಕೆ ಹೇಳ್ಲಿಲ್ಲ? ಮೊದಲೇ ಡೋಸ್ ಜಾಸ್ತಿ ಮಾಡ್ತಿದ್ದೆ.”

ಯಜಮಾನರು ಅವರ ಕೈಯಿಂದ ಟವೆಲ್ಲು ತೆಗೆದುಕೊಂಡು ಮಡಿಸತೊಡಗಿದರು. ಮೈದುನ ಅಣ್ಣನನ್ನೇ ನೋಡುತ್ತಿದ್ದ, ಅವರ ಬಾಯಿಂದ ಒಂದು ಮಾತು ಬರಲೆಂದು ಕಾದವನಂತೆ. ಬಸ್ಸಿನಲ್ಲೂ ನೋಡಿದ. ಅವರು ಕಿಟಕಿಯ ಕಡೆ ತಿರುಗಿ ಕೂತರು.

ಡೋಸ್ ಹೆಚ್ಚಿಸಿದ ಮೇಲೆ ಕಾಲು ಸೆಳೆತ ನಿಂತಿತು, ನಿದ್ದೆ ಬಂತು. ಮೈ ಮಾತ್ರ ಮತ್ತೆ ಕೂಡಿಕೊಳ್ಳಲಿಲ್ಲ. ಮಳೆ ಹಿಡಿಯುವ ಮೊದಲೇ ಹೋಗಿಬಿಟ್ಟ.

ಮಣ್ಣಿಗೆ ಬಂದವರು ಬೆರಳೆಣಿಕೆಯಷ್ಟು. ಅವರಲ್ಲಿ ಆ ಬಣ್ಣ ಹಾಕುವವನೂ ಇದ್ದ. ಯಜಮಾನರು ಅವನ ಎರಡೂ ಕೈ ಹಿಡಿದುಕೊಂಡು, “ನಿನ್ನ ಬಣ್ಣ ಗಟ್ಟಿಯಾಗೇ ಇತ್ತು ಕಣಯ್ಯಾ. ಗಟ್ಟಿಯಾಗೇ ಇತ್ತು” ಎಂದು ಅತ್ತರು. ಅವನು ಏನೂ ಅರ್ಥವಾಗದೆ ನನ್ನ ಮುಖ ನೋಡಿದ.