ಎಲ್ಲರೂ ಹೊರಗೆ ಬಂದರೇ?

ಒಗ್ಗರಣೆಯ ಹೊಗೆಗೆ ಮನೆಯ ಅಲಾರಂ ಕೂಗಿಕೊಂಡರೆ ಟವೆಲ್ ಬೀಸಿ ಅದರ ಬಾಯಿ ಮುಚ್ಚಿಸುವವಳು ನಾನು. ಬೀಸಿ ಬೀಸಿ ಸಾಕಾಗಿ ಬ್ಯಾಟರಿಯನ್ನೇ ಕಿತ್ತು ಡ್ರಾಯರಿಗೆ ಹಾಕಿದ್ದೂ ಉಂಟು. ಅಂಥ ನಳಿನಿ, ಐವತ್ತು ಹತ್ತಿರ ಬಂದಾಗ, ಊರನ್ನು ಅಪಾಯದಿಂದ ಕಾಪಾಡುವ ವಿದ್ಯೆ ಕಲಿಯಲು ಹೊರಟಳು ಎಂದರೆ ಹ್ಯೂಸ್ಟನ್ ಪಕ್ಕದ ಫುಲ್‌ಶೀರ್‌ನ ನಮ್ಮ ಜನ ನಗದೆ ಇನ್ನೇನು ಮಾಡಿಯಾರು? ಮಗಳು ಸಿಯಾ ಮಾತ್ರ ನಗಲಿಲ್ಲ. "ಅಮ್ಮಾ, ಆರ್ ಯೂ ಓಕೆ?" ಎಂದು ಕೇಳಿದಳು.

ಅದಕ್ಕೆ ಮೊದಲು ನಾನು ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿದ್ದೆ. ಬೇರೆಯವರ ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುವ ಕೆಲಸ, ನನ್ನ ಸ್ವಭಾವಕ್ಕೆ ಹೇಳಿ ಮಾಡಿಸಿದ್ದು. ಅದು ಹೋಯಿತು. ಅದೇ ಬೇಸಿಗೆಯಲ್ಲಿ ಬಿರುಗಾಳಿ ಬಂದು ದಿನಗಟ್ಟಲೆ ಕರೆಂಟ್ ಇಲ್ಲವಾದಾಗ ಯಾರ ಇನ್ಸುಲಿನ್ ಯಾರ ಐಸ್ ಬಾಕ್ಸಿಗೆ, ಯಾರ ಗ್ಯಾಸ್ ಒಲೆಯಲ್ಲಿ ಅನ್ನ, ಯಾರದರಲ್ಲಿ ಸಾರು ಎಂದು ಇಡೀ ಬೀದಿಗೆ ನಾನೇ ನಿಂತು ಹೇಳಿದೆ. ಜನ ಕೇಳಿದರು. ನನ್ನ ಯಜಮಾನಿಕೆಯನ್ನು ಜೀವಮಾನದಲ್ಲಿ ಮೊದಲ ಸಲ ಯಾರೋ ಗುಣ ಎಂದು ಕರೆದರು. ಅದು ನೇರ ತಲೆಗೇರಿತು. ಹ್ಯೂಸ್ಟನ್‌ನ ಒಂದು ಕಾಲೇಜಿನಲ್ಲಿ ವಿಪತ್ತು ನಿರ್ವಹಣೆಯ ಕೋರ್ಸಿಗೆ ಸೇರಿಬಿಟ್ಟೆ. ಅಕ್ಕಪಕ್ಕದಲ್ಲಿ ಕೂತವರೆಲ್ಲ ಬೆಂಕಿ ಆರಿಸಿ ಬಂದವರು, ಸೈನ್ಯದಿಂದ ಬಂದವರು, ಆಂಬುಲೆನ್ಸ್ ಓಡಿಸುವವರು. ನಾನು ಚಿತ್ರಾನ್ನದ ಡಬ್ಬಿ ಹಿಡಿದು ಬಂದವಳು.

ಬರೆಯುವ ಪರೀಕ್ಷೆಯಲ್ಲೆಲ್ಲ ನಾನೇ ಮುಂದು. ಪರೀಕ್ಷೆ ಬರೆಯುವುದನ್ನು ನಮಗೆ ಯಾರಾದರೂ ಹೇಳಿಕೊಡಬೇಕೆ? ಉಳಿದದ್ದು ಕೊನೆಯ ಡ್ರಿಲ್. ನಿಜವಾದ ಜನ ಸೇರಿದ ಕಡೆ, ಬೆಂಕಿ ಬಿದ್ದಿದೆ ಎಂದುಕೊಂಡು, ಎಲ್ಲರನ್ನೂ ಹೊರಗೆ ಕರೆತಂದು ತೋರಿಸಬೇಕು. ಪಾಸಾದರೆ ಕೌಂಟಿಯ, ಅಂದರೆ ಇಲ್ಲಿನ ಜಿಲ್ಲೆಯ, ತುರ್ತು ಸೇವೆಯ ಕಚೇರಿಯಲ್ಲಿ ಕೆಲಸ ಎಂದು ಮಾತಾಗಿತ್ತು. ಆ ಕೆಲಸ ನನಗೆ ಬೇಕಿತ್ತು. ಎಷ್ಟು ಬೇಕಿತ್ತೆಂದರೆ, ಡ್ರಿಲ್‌ಗೆಂದು ಕೊಟ್ಟ ಹಳದಿ ಜಾಕೆಟ್ ಹಾಕಿಕೊಂಡು ಕನ್ನಡಿಯ ಮುಂದೆ ಸೊಂಟಕ್ಕೆ ಕೈ ಕೊಟ್ಟು ನಿಂತೂ ನೋಡಿಕೊಂಡಿದ್ದೆ.

ಡ್ರಿಲ್‌ಗೆ ನಮ್ಮ ಕನ್ನಡ ಬಳಗದ ಸತ್ಯನಾರಾಯಣ ಪೂಜೆಯನ್ನೇ ಆರಿಸಿಕೊಂಡೆ. ಬಳಗದ ಕಾರ್ಯದರ್ಶಿ ಸುಧೀಂದ್ರ, "ಧಾರಾಳವಾಗಿ ಮಾಡಿ ನಳಿನಿ ಅವ್ರೇ. ಮಂಗಳಾರತಿ ಆದ್ಮೇಲೆ, ಊಟಕ್ಕೆ ಮುಂಚೆ ಇಟ್ಕೊಳಿ. ಹಸಿದಿದ್ರೆ ಜನ ಬೇಗ ಓಡ್ತಾರೆ," ಎಂದ. ಅಂಕ ಕೊಡಲು ಬಂದವರು ಡೆಲ್ಗಾಡೊ, ಅಗ್ನಿಶಾಮಕ ದಳದ ನಿವೃತ್ತ ಕ್ಯಾಪ್ಟನ್. ನಾವು ಬಿಡುತ್ತೇವೆಯೇ? ಹಾಲ್‌ನ ಬಾಗಿಲಲ್ಲೇ ಅವರ ಬೂಟು ಬಿಚ್ಚಿಸಿ, ಹಣೆಗೆ ಕುಂಕುಮ ಇಟ್ಟು, ಮುಂದಿನ ಸಾಲಿನಲ್ಲಿ ಕೂರಿಸಿದೆವು. ಅವರ ಪಕ್ಕದಲ್ಲಿ ನಮ್ಮ ಅತ್ತೆ. ಮಂಡಿನೋವಿನ ಅತ್ತೆ ವಾಕರ್ ಇಲ್ಲದೆ ಹೆಜ್ಜೆ ಇಡಲಾರರು.

"ಅಲಾರಂ ಹೊಡ್ಕೊಂಡ್ರೆ ಗಾಬರಿ ಆಗ್ಬೇಡಿ ಅತ್ತೆ. ನಾನು ಬರೋವರ್ಗೂ ಏಳ್ಬೇಡಿ," ಎಂದು ಅವರಿಗೆ ಪಾಠ ಮಾಡಿಟ್ಟಿದ್ದೆ.

ಅಲಾರಂ ಹೊಡೆಯಿತು. ಎಲ್ಲರೂ ಸಾಲಾಗಿ ಎದ್ದರು, ಮಾತಿಲ್ಲದೆ ನಡೆದರು. ನನಗೆ ಹೆಮ್ಮೆಯಿಂದ ಕಣ್ಣು ತುಂಬಿತು. ಬಾಗಿಲಿಗೆ ಬಂದವರು ಅಲ್ಲೇ ನಿಂತರು. ಅಲ್ಲಿ ಇಡೀ ಬಳಗದ ಚಪ್ಪಲಿ ರಾಶಿ ಬಿದ್ದಿತ್ತು. "ನಂದು ಬ್ರೌನು," "ಇದು ನಿಮ್ದಾ ನೋಡಿ," "ಇನ್ನೊಂದೆಲ್ಲಿ?" ವೆಂಕಟಗಿರಿ ಅಂಕಲ್ ಹೊಸ್ತಿಲ ಮೇಲೆಯೇ ಕೂತು ಶೂ ಲೇಸ್ ಕಟ್ಟತೊಡಗಿದರು. "ಚಪ್ಪಲಿ ಬಿಟ್ಟು ಹಾಗೇ ಬನ್ನಿ!" ಎಂದು ನಾನು ಮೈಕಿನಲ್ಲಿ ಕಿರುಚಿದೆ. ನನ್ನ ಮಾತು ಕೇಳಿ ಬರಿಗಾಲಲ್ಲಿ ಹೋದವರು ಆಗಸ್ಟ್ ಬಿಸಿಲಿನ ಕಾಂಕ್ರೀಟ್ ಮೆಟ್ಟಿ, ಅಯ್ಯಯ್ಯೋ ಎನ್ನುತ್ತ ಕುಣಿದುಕೊಂಡು ಒಳಗೇ ವಾಪಸ್ ಬಂದರು.

ಆಗ ನಿಮ್ಮ ವಿಪತ್ತು ನಿರ್ವಾಹಕಿ ಏನು ಮಾಡುತ್ತಿದ್ದಳು? ಅವಳೂ ಬಗ್ಗಿ ತನ್ನ ಕರಿ ಚಪ್ಪಲಿ ಹುಡುಕುತ್ತಿದ್ದಳು. ಸಿಗದೆ, ಯಾರದೋ ಸ್ಲಿಪ್ಪರ್ ಮೆಟ್ಟಿಕೊಂಡು ಹೊರಬಿದ್ದಳು.

ಅಂತೂ ಹಾಲ್ ಖಾಲಿಯಾಯಿತು. ಪಾರ್ಕಿಂಗ್ ಲಾಟ್‌ನ ಮರದ ಕೆಳಗೆ ನಿಂತು ಒಂದೊಂದೇ ಕುಟುಂಬವನ್ನು ಕರೆದು, "ಎಲ್ಲರೂ ಇದ್ದೀರಾ?" ಎಂದು ಕೇಳಿದೆ. ಎಲ್ಲರೂ ಕೈ ಎತ್ತಿದರು. "ಎಲ್ಲರೂ ಹೊರಗಿದ್ದಾರೆ," ಎಂದು ಘೋಷಿಸಿದೆ. ಕಾಲುಚೀಲದಲ್ಲೇ ಬಂದು ನಿಂತಿದ್ದ ಕ್ಯಾಪ್ಟನ್ ಮೆಲ್ಲಗೆ, "ನಿಮ್ಮ ಕುಟುಂಬದವರೆಲ್ಲ?" ಎಂದರು.

ನನ್ನ ಮನೆಯನ್ನು ಕೇಳುವವರು ಯಾರು? ಕೇಳುವವಳು ನಾನೇ ಅಲ್ಲವೇ. ಗಂಡ ಚಂದ್ರಮೋಹನನ ಕಡೆ ನೋಡಿದೆ. "ಅಮ್ಮನ್ನ ನೀನೇ ಕರ್ಕೊಂಡ್ ಬರ್ತೀನಿ ಅಂದಿದ್ಯಲ್ಲ?" ಎಂದ.

ಓಡಿದೆ. ಖಾಲಿ ಹಾಲ್‌ನಲ್ಲಿ ಅಲಾರಂ ಇನ್ನೂ ಅರಚುತ್ತಿತ್ತು. ಅತ್ತೆ ಕಿವಿಗೆ ಬೆರಳಿಟ್ಟುಕೊಂಡು, ಕೂರಿಸಿದಲ್ಲೇ ನೆಟ್ಟಗೆ ಕೂತಿದ್ದರು. ನನ್ನನ್ನು ಕಂಡು ಮುಖ ಅರಳಿತು. ಕುರ್ಚಿಯ ಕೆಳಗಿಂದ ಒಂದು ಪ್ಲಾಸ್ಟಿಕ್ ಕವರ್ ಎಳೆದರು. ಒಳಗೆ ನನ್ನ ಕರಿ ಚಪ್ಪಲಿ.

"ಹುಡುಕ್ತಾ ನಿಂತ್ರೆ ನಿಂಗೆ ತಡ ಆಗತ್ತೆ ಅಂತ ಸಿಯಾ ಕೈಲಿ ಆಗ್ಲೇ ತರಿಸಿಟ್ಕೊಂಡೆ. ನೀನು ಬರ್ತೀಯ ಅಂತ ಗೊತ್ತಿತ್ತು."

ನಾಚಿಕೆಯಿಂದ ಸತ್ತುಹೋದೆ. ಹಳದಿ ಜಾಕೆಟ್ಟಿನ ತೋಳಿನಲ್ಲೇ ಕಣ್ಣು, ಮೂಗು ಒರೆಸಿಕೊಂಡೆ.

ಕ್ಯಾಪ್ಟನ್ ಸುತ್ತಿ ಬಳಸಿ ಮಾತಾಡಲಿಲ್ಲ. ಫೇಲ್ ಎಂದರು, ಇನ್ನೊಂದೇ ಅವಕಾಶ ಎಂದರು. ಎಲ್ಲರನ್ನೂ ನೋಡಿಕೊಳ್ಳಬೇಕಾದವರೇ ಬಂದು ಕರೆದೊಯ್ಯಲಿ ಎಂದು ಯಾರೂ ಒಬ್ಬರೇ ಕಾದು ಕೂರುವಂತಿರಬಾರದು, ಅಂಥವರಿಗೆ ಬೇರೊಬ್ಬರನ್ನು ಮೊದಲೇ ಗೊತ್ತುಮಾಡಬೇಕು ಎಂದೂ ಹೇಳಿದರು.

ಮುಂದಿನ ತಿಂಗಳ ಗಣೇಶನ ಹಬ್ಬದಲ್ಲಿ ಮತ್ತೆ ಡ್ರಿಲ್. ಅದಕ್ಕೆ ಚಪ್ಪಲಿ ಸ್ಟ್ಯಾಂಡ್‌ಗಳನ್ನು ಬಾಗಿಲ ಆಚೆ, ಮರದ ನೆರಳಿನವರೆಗೆ ಸಾಲಾಗಿ ಇಡಿಸಿ, ನಡುವೆ ಜಮಖಾನ ಹಾಸಿಸಿದೆ. ಅದು ಸುಲಭದ ಕೆಲಸ. ಅತ್ತೆಗೆ ಹೇಳುವುದು ಕಷ್ಟವಾಯಿತು.

"ಈ ಸಲ ನಾನು ಬರಲ್ಲ ಅತ್ತೆ. ಸುಧೀಂದ್ರ ಬರ್ತಾನೆ."

ಅವರು ಸೆರಗಿನ ಅಂಚು ತೀಡುತ್ತ, "ಅವನಿಗೆ ವಾಕರ್ ಬಿಡಿಸಕ್ಕೆ ಬರತ್ತಾ?" ಎಂದರು.

ಪಾಸಾದೆ. ಆದರೆ ಅದೂ ಇನ್ನೇನು ಕೈತಪ್ಪುವುದರಲ್ಲಿತ್ತು. ಬಾಗಿಲ ಬಳಿ ನಿಂತು ಜನರನ್ನು ಕಳಿಸುತ್ತಿದ್ದಾಗ ಸುಧೀಂದ್ರನ ಜೊತೆ ಅತ್ತೆ ಬಂದರು. ಒಂದೊಂದು ಹೆಜ್ಜೆಗೂ ವಾಕರ್ ಮೇಲೆ ಭಾರ ಬಿಟ್ಟು ನಿಲ್ಲುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಡ್ರಿಲ್ಲು, ಕ್ಯಾಪ್ಟನ್ನು, ಕೆಲಸ ಎಲ್ಲ ಮರೆತು, ಅವರನ್ನು ಹಿಡಿದುಕೊಳ್ಳಲು ಬಾಗಿಲಿಗೆ ಅಡ್ಡ ನಿಂತು ಎರಡೂ ಕೈ ಚಾಚಿದೆ.

ಅತ್ತೆ ನನ್ನ ಕೈ ಹಿಡಿಯಲಿಲ್ಲ. "ದಾರಿ ಬಿಡು ನಳಿನಿ," ಎಂದರು, "ಹಿಂದೆ ಜನ ಬರ್ತಿದಾರೆ."